ನೆಟ್ಟಗಾದ ಗೋಡೆ

ನಾನು ಒಂದು ತೂಗುಗುಂಡು. ನೂಲಿಗೆ ಕಟ್ಟಿ ಇಳಿಬಿಟ್ಟರೆ ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ತೋರಿಸುವುದಷ್ಟೇ ನನಗೆ ಗೊತ್ತು. ಮಂಗಳೂರಿನ ಎರಕದ ಅಂಗಡಿಯಲ್ಲಿ ಒಡೆದ ಹಿತ್ತಾಳೆ ಚೊಂಬುಗಳು ಕರಗಿ ನಾನಾದೆ. ನನ್ನನ್ನು ಕೊಂಡವರು ಪಾಸ್ಕಲ್ ಮೇಸ್ತ್ರಿ. ಮಗ ವಿತಾಲಿಸ್ ಆರ್ಕಿಟೆಕ್ಟ್ ಆದಾಗ ನನ್ನನ್ನು ಅವನ ಕೈಗಿಟ್ಟು ಹಿರಿಹಿರಿ ಹಿಗ್ಗಿದರು.

ಹಳೆಯ ಇಗರ್ಜಿಗಳನ್ನು ಉಳಿಸಬೇಕೆಂಬ ಹುಚ್ಚು ವಿತಾಲಿಸನಿಗೆ. ಮೊದಲು ಸಿಕ್ಕಿದ್ದು ಕಡಲ ಬದಿಯ ಪುಟ್ಟ ಇಗರ್ಜಿ. ಹೊರಗೋಡೆಯ ನೆತ್ತಿಯಿಂದ ಕೋಲು ಚಾಚಿ ನನ್ನನ್ನು ಇಳಿಬಿಟ್ಟ. ಬುಡದಲ್ಲಿ ಗೋಡೆ ನನಗೆ ತಾಗುತ್ತಿತ್ತು, ಮೇಲೆ ನೂಲಿಗೂ ಗೋಡೆಗೂ ನಡುವೆ ಗೇಣು ಜಾಗ.

"ಗೋಡೆ ವಾಲಿದೆ ಫಾದರ್. ಸಿಮೆಂಟ್ ಕೊಟ್ಟು ನೆಟ್ಟಗೆ ಮಾಡುವ" ಎಂದು ಅಲ್ಲಿನ ಪಾದ್ರಿಗೆ ಹೇಳಿದ.

ಆ ಗೋಡೆಯ ಒಳಮೈ ಮೇಲೆ ಮೇರಿ ಮಾತೆಯ ಹಳೆಯ ಚಿತ್ರವಿತ್ತು. ದಿನಾ ಅಲ್ಲಿ ಮೇಣದಬತ್ತಿ ಹಚ್ಚುತ್ತಿದ್ದ ಸೆವ್ರಿನ್ ಬಾಯಿ ಎಂಬ ಹೆಂಗಸಿಗೆ ದಿಗಿಲು.

"ನಮ್ಮ ಮಾತೆಗೆ ಏನೂ ಆಗುದಿಲ್ಲ ಅಲ್ವಾ?"

"ಎಂತ ಸಹ ಆಗುದಿಲ್ಲ ಬಾಯಿ. ನಾನಿದ್ದೇನಲ್ಲ."

ಗೋಡೆ ವಾಲಿರಲೇ ಇಲ್ಲ. ಬುಡ ದಪ್ಪ, ನೆತ್ತಿ ಸಪೂರ ಇರಲೆಂದೇ ಹಿಂದಿನವರು ಹಾಗೆ ಕಟ್ಟಿದ್ದರು. ಸುಣ್ಣದ ಗಾರೆ ಮಳೆನೀರು ಹೀರಿದರೂ ಬಿಸಿಲಿಗೆ ಹೊರಗೆ ಬಿಟ್ಟುಬಿಡುತ್ತಿತ್ತು. ನೆಟ್ಟಗೆ ಮಾಡಲು ಅವನು ಮೆತ್ತಿಸಿದ ಸಿಮೆಂಟು ಬಿಡಲಿಲ್ಲ. ತೇವ ಒಳಕ್ಕೆ ತಿರುಗಿತು.

ಇದೆಲ್ಲ ವಿತಾಲಿಸನಿಗೆ ಗೊತ್ತಾಗುವಷ್ಟರಲ್ಲಿ ಅವನ ಹೆಸರು ಊರೂರಿಗೆ ಹಬ್ಬಿತ್ತು, ನನ್ನ ಫೋಟೋ ಕೂಡ ಪೇಪರಿನಲ್ಲಿ ಬಂದಿತ್ತು. ಆ ಇಗರ್ಜಿಯಿಂದ ಕರೆ ಬಂದಾಗ ಓಡಿಹೋದೆವು. ಮಾತೆ ಹಕ್ಕಳೆಯಾಗಿ ನೆಲದ ಮೇಲೆ ಉದುರಿದ್ದಳು. ಅವನೇ ನಿಂತು ಸಿಮೆಂಟು ಕೀಳಿಸಿದ, ಸುಣ್ಣದ ಗಾರೆ ಬಳಿಸಿದ. ಗೋಡೆ ಒಣಗಿತು. ಮಾತೆ ಮರಳಲಿಲ್ಲ.

"ಹೊಸತಾಗಿ ಬರೆಸಿಕೊಡ್ತೇನೆ ಬಾಯಿ" ಎಂದ. ಆದರೆ ಅವನು ತೆಗೆದಿದ್ದ ಫೋಟೋಗಳೆಲ್ಲ ಹೊರಗೋಡೆಯವು, ಮಾತೆಯದು ಒಂದೂ ಇರಲಿಲ್ಲ.

ಸೆವ್ರಿನ್ ಬಾಯಿ ಬೈಯಲಿಲ್ಲ. "ನನಗೆ ಕಣ್ಣು ಮುಚ್ಚಿದ್ರೆ ಕಾಣ್ತದೆ. ನೀವು ಆ ಗುಂಡನ್ನೇ ನೋಡ್ತಾ ಇದ್ರಿ. ಮಾತೆಯ ಮುಖ ಒಮ್ಮೆಯಾದ್ರೂ ನೋಡಿದ್ರಾ, ಪಾಪ?"

ನಾನು ಸುಳ್ಳು ಹೇಳಿರಲಿಲ್ಲ. ಆದರೂ ಆ ಹೊತ್ತು ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವನ ಕಣ್ಣು ಚಿತ್ರದತ್ತ ಹೋಗದಂತೆ ಎದುರಿಗೆ ತೂಗಿದ್ದವನು ನಾನೇ ತಾನೇ?

ಈಗ ವಿತಾಲಿಸನಿಗೆ ವಯಸ್ಸಾಗಿದೆ. ನಾನು ಅವನ ಮೇಜಿನ ಮೇಲೆ, ಕಾಗದ ಹಾರದಂತೆ ಕೂತಿದ್ದೇನೆ. ಸೆವ್ರಿನ್ ಬಾಯಿಯೂ ಈಗಿಲ್ಲ. ಆದರೂ ಅವನು ದಿನಾ ಪೆನ್ಸಿಲ್ ಹಿಡಿಯುತ್ತಾನೆ. ಮಾತೆಯ ಮುಸುಕು ಬರೆಯುತ್ತಾನೆ, ಮಡಿಕೆಗಳನ್ನೂ ಬರೆಯುತ್ತಾನೆ. ಮುಖದ ಜಾಗಕ್ಕೆ ಬಂದಾಗ ಕೈ ನಿಲ್ಲುತ್ತದೆ. ಆಮೇಲೆ ಆ ಖಾಲಿ ಜಾಗದ ಮೇಲೆ ನನ್ನನ್ನಿಟ್ಟು ಏಳುತ್ತಾನೆ.