ತಿಮ್ಮಪ್ಪಯ್ಯನವರ ಪುಸ್ತಕಗಳು

"ಸಿಕ್ತೇನ್ಲಾ?"

ಸಣ್ಣಸ್ವಾಮಿಯ ಬಲಗೈ ಮೊಣಕೈವರೆಗೂ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಒಳಗಿತ್ತು. ಹಣ್ಣಿನ ಜೊತೆ ಬಂದ ಒಂದು ಕಲ್ಲು ಉರುಳೆಗೂ ತಗಡಿಗೂ ನಡುವೆ ಸಿಕ್ಕಿಕೊಂಡು, ಬೆಳಿಗ್ಗೆಯಿಂದ ಅವನ ಬೆರಳಿಗೆ ಸಿಕ್ಕಿದಂತೆ ಮಾಡಿ ಜಾರುತ್ತಿತ್ತು. ಅವನು ತಿರುಗಿ ನೋಡಲಿಲ್ಲ.

"ಕಲ್ಲಾ, ಪುಸ್ತಕವಾ?"

"ಪುಸ್ತಕ ಕಣ್ಲಾ. ಕಲ್ಲು ಕಟ್ಕೊಂಡು ನಂಗೇನು?" ಎಂದ ಜವರಯ್ಯ.

"ಜವರ, ಇವತ್ತು ಕೊಯ್ದ ಹಣ್ಣು ಇವತ್ತೇ ಪಲ್ಪರಿಗೆ ಬೀಳ್ಬೇಕು. ರಾಶಿ ಬಿದ್ರೆ ಬಿಸಿ ಹತ್ತಿ ಕೆಟ್ಟೋಯ್ತದೆ. ಮೂರು ತೋಟದೋರು ನನ್ ತಲೆ ಮೇಲೆ ಕೂತವ್ರೆ. ನೀನು ನಾಕ್ನೇಯೋನು."

"ನಾನೆಲ್ಲಿ ಕೂತಿದೀನಿ? ನಿಂತಿವ್ನಿ."

ಶೆಡ್ಡಿನ ಬಾಗಿಲಲ್ಲಿ ಬಿಟ್ಟಂಗಾಲದಿಂದ ಬಂದ ಬೋಜ ಬೇರೆ ಕಾಯುತ್ತಿದ್ದ. ಅವನ ಸಾಹುಕಾರರ ಆಯಿಲ್ ಎಂಜಿನ್ ನಿನ್ನೆಯಿಂದ ಹೊಗೆ ಬಿಡುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಅವನು ಎರಡು ಸಲ ಕೆಮ್ಮಿದ. ಸಣ್ಣಸ್ವಾಮಿ, "ಕೇಳಿಸ್ತು ಬೋಜಣ್ಣ, ನಿನ್ ಕೆಮ್ಮೂ ಕೇಳಿಸ್ತು," ಎಂದ.

ಪುಸ್ತಕಗಳು ಬಂದದ್ದು ದೀಪಾವಳಿ ಕಳೆದ ವಾರ. ಅಮ್ಮತ್ತಿಯಿಂದ ಬಿಟ್ಟಂಗಾಲದವರೆಗೆ ಮೂವತ್ತು ವರ್ಷ ಯಂತ್ರಗಳನ್ನು ರಿಪೇರಿ ಮಾಡಿದ್ದ ತಿಮ್ಮಪ್ಪಯ್ಯನವರು ತೀರಿಕೊಂಡಿದ್ದರು. ಸಣ್ಣಸ್ವಾಮಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು ಅವರೇ. ಪೂಜೆಯ ಮನೆತನದಲ್ಲಿ ಹುಟ್ಟಿ ಎಂಜಿನ್ನಿನ ಮಸಿಗೆ ಬಂದ ಅವರು ಒಂದು ಅಭ್ಯಾಸವನ್ನು ಮಾತ್ರ ಬಿಟ್ಟಿರಲಿಲ್ಲ. ಸಂಜೆ ಕೈಕಾಲು ತೊಳೆದು, ಅಂದು ಯಾರ ಯಂತ್ರ ಬಿಚ್ಚಿದೆ, ಒಳಗೆ ಏನು ಕಂಡಿತು, ನಾಳೆಗೆ ಏನು ಬಾಕಿ ಎಂದು ಬರೆದಿಟ್ಟೇ ಊಟಕ್ಕೆ ಕೂರುತ್ತಿದ್ದರು. ಸೊಸೆ ವೇದಾವತಿ ಮೂರು ಗೋಣಿಚೀಲಗಳನ್ನು ಗಾಡಿಯಲ್ಲಿ ತಂದು ಇಳಿಸಿದ್ದಳು. "ಮಾವನವರು ನಿಮಗೇ ಕೊಡಬೇಕು ಅಂದಿದ್ರು. ಅಂಗಡಿಗೆ ಪೊಟ್ಟಣ ಕಟ್ಟೋಕೆ ಕೊಡಲು ನನಗೂ ಮನಸ್ಸು ಬರಲಿಲ್ಲ."

ಚೀಲಗಳು ಸಣ್ಣಸ್ವಾಮಿಯ ಮನೆಯಲ್ಲಿ ಸೌದೆ ಇಡುವ ಮೂಲೆಯಲ್ಲಿ ಕುಳಿತವು. ಸೌದೆ ಅಡುಗೆಮನೆಗೆ ಬಂತು. "ಪುಸ್ತಕ ಒಲೆಗೆ ಹಾಕ್ಲಾ, ಸೌದೆ ಓದ್ತೀರಾ?" ಎಂದು ಹೆಂಡತಿ ಮುತ್ತಮ್ಮ ದಿನಕ್ಕೊಮ್ಮೆ ಕೇಳುತ್ತಿದ್ದಳು.

ಜವರಯ್ಯನಿಗೆ ಬೇಕಾಗಿದ್ದುದು ಆ ಚೀಲಗಳಲ್ಲಿದ್ದ ಒಂದೇ ಒಂದು ಪುಟ. ಹನ್ನೊಂದು ವರ್ಷದ ಹಿಂದೆ ಹೊಳೆಬದಿ ತೋಟದ ಪಲ್ಪರಿನ ಗೇರಿಗೆ ಸಿಕ್ಕಿ ಅವನ ಎಡಗೈಯ ಮೂರು ಬೆರಳು ಹೋಗಿದ್ದವು. ಬದುಕಿರುವವರೆಗೆ ಆಳುಗಳ ಲೈನಿನ ರೂಮಿನಲ್ಲಿ ಇರು ಎಂದು ತೋಟದ ಆಗಿನ ಬಿಳಿ ದೊರೆ ಬಾಯಿಮಾತಿನಲ್ಲಿ ಹೇಳಿದ್ದ. ದೊರೆ ತೋಟ ಮಾರಿ, ಕಾಗದಗಳನ್ನೆಲ್ಲ ಸುಡಿಸಿ, ಹಡಗು ಹತ್ತಿದ. ಹೊಸ ಧಣಿಯ ಲೆಕ್ಕ ಬರೆಯುವ ರೈಟರ್ ಗಜಾನನ ಆಳುಗಳ ಹಾಜರಿಯ ಚೆಕ್‌ರೋಲ್ ತಿರುಗಿಸಿ ನೋಡಿದರೆ ಜವರಯ್ಯನ ಹೆಸರೇ ಇರಲಿಲ್ಲ. ತೋಟದ ಕೆಲಸದಲ್ಲೇ ಪೆಟ್ಟಾಯಿತೆಂಬುದಕ್ಕೆ ಬರಹ ತೋರಿಸಬೇಕು, ಇಲ್ಲವಾದರೆ ಸೋಮವಾರ ರೂಮು ಖಾಲಿ ಮಾಡಬೇಕು ಎಂದಿದ್ದ. ಹಣ್ಣು ಕೊಯ್ಯುವ ಪಿಕಿಂಗಿಗೆ ಬಂದ ಆಳುಗಳಿಗೆ ಜಾಗ ಸಾಲುತ್ತಿರಲಿಲ್ಲ.

"ಹಾಸನದ ಕಡೆಯಿಂದ ಇಬ್ರೂ ಒಂದೇ ಗಾಡೀಲಿ ಬಂದೋರು ಕಣ್ಲಾ," ಎಂದ ಜವರಯ್ಯ. "ನಾನು ಯಾವ್ ಗಾಡಿ ಹತ್ಕೊಂಡು ವಾಪಸ್ ಹೋಗ್ಲಿ?"

"ನೀನೇ ಹುಡುಕ್ಕೋಬಾರ್ದಾ?"

"ಓದಾಕೆ ಬಂದಿದ್ರೆ ಪಲ್ಪರ್ ಮುಂದೆ ನಿಂತ್ಕೊಂಡು ಯಾಕೆ ನಿದ್ದೆ ಮಾಡ್ತಿದ್ದೆ?"

ಊರಿನ ಮಾತು ಅದೇ ಆಗಿತ್ತು. ರಾತ್ರಿಯೆಲ್ಲ ಹಣ್ಣು ಹೊತ್ತು, ಬೆಳಿಗ್ಗೆ ತೂಕಡಿಸಿ ಗೇರಿಗೆ ಕೈ ಕೊಟ್ಟವನು. ನಿದ್ದೆ ಜವರ ಎಂದರೆ ಸಂತೆಯಲ್ಲೂ ಗೊತ್ತು. ಅವನ ಹೆಂಡತಿ ರಾಮಮ್ಮನಂತೂ, ಹಾಲು ಉಕ್ಕಿದರೂ ಅವನ ನಿದ್ದೆಯನ್ನೇ ಬೈಯುತ್ತಿದ್ದಳು.

ಕಲ್ಲು ಹೊರಗೆ ಬಂತು. ಬಟಾಣಿಯಷ್ಟಿತ್ತು.

ಭಾನುವಾರ ಮಧ್ಯಾಹ್ನ, ಬಿಟ್ಟಂಗಾಲದ ಎಂಜಿನ್ನಿಗೆ ನಳಿಗೆ ಬದಲಿಸಿ ಬಂದ ಮೇಲೆ, ಸಣ್ಣಸ್ವಾಮಿ ಕೊನೆಯ ಚೀಲ ಸುರಿದ. ಇಲಿ ತಿಂದದ್ದು, ಗೆದ್ದಲು ತಿಂದದ್ದು, ಯುದ್ಧಕಾಲದ ಮಬ್ಬು ಕಾಗದ. ಯಾವುದಕ್ಕೂ ಕ್ರಮವಿರಲಿಲ್ಲ. ಬೈದುಕೊಳ್ಳುತ್ತ ತಿರುವುತ್ತಿದ್ದವನ ಕೈ ಒಂದು ಪುಟದಲ್ಲಿ ನಿಂತಿತು.

"೮-೧೨-೪೨ ಮಂಗಳವಾರ. ಹೊಳೆಬದಿ ಪಲ್ಪರ್. ಗೇರು ಸವೆದಿತ್ತು, ಬದಲಿಸಿದೆ. ಬಾಕಿ: ಗೇರಿನ ಮುಚ್ಚಳ. ಬಿಗಿಯಲು ಸಣ್ಣನಿಗೆ ಹೇಳಿ ಬಂದೆ.

೯-೧೨-೪೨ ಬುಧವಾರ. ಹೊಳೆಬದಿ ಪಲ್ಪರ್ ಮತ್ತೆ ಬಿಚ್ಚಿದೆ. ಜವರಯ್ಯನ ಎಡಗೈ ಬೆರಳು ಮೂರು. ಮುಚ್ಚಳ ಗೋಡೆಗೆ ಒರಗಿಸಿದಲ್ಲೇ ಇತ್ತು. ಸಣ್ಣ ಹಾಕಿಲ್ಲ. ಬಾಕಿ: ಏನೂ ಇಲ್ಲ."

ಅವನು ಎರಡು ಸಲ ಓದಿದ. ಆ ಮಂಗಳವಾರ ತಾನು ಎಲ್ಲಿಗೆ ಹೋಗಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ತಿಮ್ಮಪ್ಪಯ್ಯನವರು ಸಾಯುವವರೆಗೂ ಅವನಿಗೆ ಈ ಮಾತು ಹೇಳಿರಲಿಲ್ಲ. ಆದರೆ ಅಲ್ಲಿಂದೀಚೆಗೆ ಅವನು ಮಾಡಿದ ಪ್ರತಿ ಕೆಲಸದ ಕೊನೆಗೂ ಬಂದು, ಒಂದೊಂದು ನಟ್ಟನ್ನೂ ತಾವೇ ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ವಯಸ್ಸಾಯಿತು, ಕಣ್ಣು ಕಾಣುವುದಿಲ್ಲ ಎಂದುಕೊಂಡಿದ್ದ.

"ಸಿಕ್ತಾ?" ಎಂದಳು ಮುತ್ತಮ್ಮ ಒಳಗಿನಿಂದ.

"ಇಲ್ಲ," ಎಂದ. ಪುಟಕ್ಕೆ ಗುರುತಿಟ್ಟು ಪುಸ್ತಕ ಮುಚ್ಚಿ, "ಸಿಕ್ತು," ಎಂದ.

ಸೋಮವಾರ ಬೆಳಿಗ್ಗೆ ಅವನು ಮುಂದೆ ನಡೆದ, ಜವರಯ್ಯ ಹಿಂದೆ. ಪುಟ ಕೈಲಿ ಹಿಡಿದು ಕೊಟ್ಟರೆ ರೈಟರ್ ಎರಡೂ ದಿನದ್ದನ್ನು ಓದುತ್ತಾನೆ. ಬೇಕಾದಷ್ಟನ್ನೇ ಬೇರೆ ಹಾಳೆಗೆ ಬರೆದರೆ ನಂಬುವುದಿಲ್ಲ. ದಾರಿಯುದ್ದಕ್ಕೂ ಜವರಯ್ಯ, "ಏನಂತ ಬರ್ದವ್ರೆ? ಓದ್ಲಾ," ಎನ್ನುತ್ತಿದ್ದ.

"ನಿನ್ ಹೆಸರದೆ. ಸಾಕಲ್ಲ, ನಡಿ."

ಗಜಾನನ ಆಫೀಸಿನ ಜಗಲಿಯಲ್ಲೇ ನಿಂತು ಪುಸ್ತಕ ತೆಗೆದುಕೊಂಡ. ಬುಧವಾರದ ಮೇಲೆ ಬೆರಳಿಟ್ಟು, "ಹೊಳೆಬದಿ ಪಲ್ಪರ್... ಜವರಯ್ಯನ ಎಡಗೈ ಬೆರಳು ಮೂರು," ಎಂದು ಓದಿ ಪುಸ್ತಕ ಮುಚ್ಚಿದ. "ತಿಮ್ಮಪ್ಪಯ್ಯನವರ ಅಕ್ಷರ ನನಗೆ ಗೊತ್ತು. ಸಾಕು. ಧಣಿಗಳಿಗೆ ಹೇಳ್ತೇನೆ, ರೂಮಲ್ಲೇ ಇರು ಮಾರಾಯ. ಮೆಶಿನ್ ಹತ್ತಿರ ನಿದ್ದೆ ಮಾಡಿದವರಿಗೆಲ್ಲ ರೂಮು ಕೊಟ್ಟರೆ ತೋಟ ಉದ್ಧಾರ ಆದ ಹಾಗೇ."

"ನಿದ್ದೆ ಸ್ವಾಮಿ, ಏನ್ ಮಾಡಾದು," ಎಂದು ಜವರಯ್ಯ ಕೈಮುಗಿದ.

ಪುಸ್ತಕ ಸಣ್ಣಸ್ವಾಮಿಯ ಕೈಗೆ ವಾಪಸ್ಸು ಬಂತು. ಅಲ್ಲಿಗೆ ಕೆಲಸ ಮುಗಿದಿತ್ತು. ರಸ್ತೆಯ ಮೇಲೆ ಬಿಟ್ಟಂಗಾಲದ ಜೀಪು ಬಂದು ನಿಂತು ಹಾರನ್ ಹೊಡೆಯಿತು. ಎಂಜಿನ್ ಮತ್ತೆ ನಿಂತಿರಬೇಕು. ಹತ್ತಿ ಹೋಗಬಹುದಿತ್ತು.

ಜವರಯ್ಯ ಅವನ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದ. "ನೋಡ್ಲಾ, ನಿದ್ದೆ ಮಾಡಿ ಬೆರಳು ಕಳ್ಕೊಂಡೆ, ಬೆರಳು ಕಳ್ಕೊಂಡು ರೂಮು ಉಳಿಸ್ಕೊಂಡೆ. ಆವತ್ತು ಇನ್ನೊಂದ್ ಗಳಿಗೆ ಮಲ್ಗಿದ್ರೆ ತೋಟಾನೇ ಬರ್ಕೊಡ್ತಿದ್ರೋ ಏನೋ!"

"ಬಾಯ್ಮುಚ್ಲಾ!"

ಸಣ್ಣಸ್ವಾಮಿಯ ಕೂಗಿಗೆ ಕಣದಲ್ಲಿ ಕಾಫಿ ಹರವುತ್ತಿದ್ದವರು ತಲೆ ಎತ್ತಿದರು.

"ನಿದ್ದೆ ನಿದ್ದೆ ಅಂತ ಎಷ್ಟು ಸಲ ಹೇಳ್ತೀಯ? ನಿದ್ದೆ ಅಲ್ಲ ಅದು." ಅವನು ಅಲ್ಲೇ ಕಣದ ಅಂಚಿನಲ್ಲಿ ಕುಕ್ಕರಿಸಿ ಪುಸ್ತಕ ಬಿಡಿಸಿದ. ಎರಡು ದಿನದ್ದನ್ನೂ ಓದಿದ. ತನ್ನ ಹೆಸರು ಬಂದಲ್ಲಿ ನಿಲ್ಲಲಿಲ್ಲ.

ಜವರಯ್ಯ ತಾನೂ ಪಕ್ಕದಲ್ಲಿ ಕುಕ್ಕರಿಸಿ ಪುಟ ನೋಡಿದ. ಆಮೇಲೆ, "ಗೋಡೆಗೆ ಒರಗಿಸಿತ್ತಾ?" ಎಂದ.

"ಹಂಗಂತ ಬರ್ದವ್ರೆ."

"ಯಾವ್ ಗೋಡೆ?"

"ಬರ್ದಿಲ್ಲ."

"ನಾನು ಎಚ್ಚರವಾಗೇ ಇದ್ದೆ ಅನ್ನಿಸ್ತಿತ್ತು ಕಣ್ಲಾ," ಎಂದ ಜವರಯ್ಯ. "ಎಲ್ರೂ ಅಂದ್ಮೇಲೆ, ಇಲ್ವೇನೋ ಅಂದ್ಕಂಡೆ." ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡು, ಮಡಿಸದೆ, ತೆರೆದಂತೆಯೇ ಹಿಡಿದು ಲೈನಿನ ಕಡೆ ನಡೆದ. ಬಾ ಎನ್ನಲಿಲ್ಲ. ಬೇಡವೆಂದೂ ಅನ್ನಲಿಲ್ಲ. ಸಣ್ಣಸ್ವಾಮಿ ಸಾಮಾನಿನ ಚೀಲ ಹೊತ್ತು ಹಿಂದೆ ಹೋದ. ಜೀಪು ಮತ್ತೊಮ್ಮೆ ಹಾರನ್ ಹೊಡೆಯಿತು.

ರೂಮಿನ ಮುಂದೆ ರಾಮಮ್ಮ ಆಗಲೇ ಪಾತ್ರೆಗಳನ್ನು ಬುಟ್ಟಿಗೆ ತುಂಬಿ, ಚಾಪೆ ಸುತ್ತಿ ಕಟ್ಟಿದ್ದಳು.

"ಏನಂದ್ರು? ಹೋಗ್ಬೇಕಾ?"

"ಇಲ್ಲ. ಕೂತ್ಕೊ."

"ಒಲೆ ಮೇಲೆ ಅನ್ನ ಅದೆ."

"ಅನ್ನ ಸೀದೋಗ್ಲಿ. ಕೂತ್ಕೊ ಅಂದೆ."

ಅವಳು ಹೊಸ್ತಿಲ ಮೇಲೆ ಕೂತಳು. ಜವರಯ್ಯ ಪುಸ್ತಕವನ್ನು ಸಣ್ಣಸ್ವಾಮಿಯ ಕೈಗಿಟ್ಟ. ಅವನ ಮುಖ ನೋಡಲಿಲ್ಲ.

"ಓದು," ಎಂದ. "ಮಂಗಳವಾರದಿಂದ ಓದು."

ರಾಮಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಣ್ಣಸ್ವಾಮಿಯ ಮುಖ ನೋಡಿದಳು. ಒಳಗೆ ಅನ್ನ ಸೀಯುವ ವಾಸನೆ ಆಗಲೇ ಬರತೊಡಗಿತ್ತು. ಯಾರೂ ಏಳಲಿಲ್ಲ.