ಕುಂಕುಮದ ಕೆಳಗಿನ ನಂಬರು

ಎಮ್ಮೆದೊಡ್ಡಿ ಕಾವಲಿನ ಕುರುಚಲು ಕಾಡಿನ ಅಂಚಿಗೆ ಕರಿಸಿದ್ದಪ್ಪನ ಹೊಲ. ಆ ವರ್ಷ ಅಲ್ಲಿ ನಲವತ್ತು ತೆಂಗಿನ ಸಸಿ ಇಟ್ಟು, ಬೇಸಿಗೆಯೆಲ್ಲ ಕೊಡದಲ್ಲಿ ನೀರು ಹೊತ್ತಿದ್ದ. ಕಾವಲಿನ ಹಂದಿಗಳಿಗೆ ಎಳೆ ಸಸಿಯ ಬುಡವೆಂದರೆ ಪ್ರಾಣ. ಅವುಗಳನ್ನು ತಡೆಯಲು ಅವನಿಗಿದ್ದದ್ದು ಅಪ್ಪನ ಕಾಲದ ಒಂದು ಬಂದೂಕ.

ವರ್ಷಕ್ಕೊಮ್ಮೆ ಬಂದೂಕವನ್ನೂ ಲೈಸೆನ್ಸನ್ನೂ ಕಡೂರಿನ ಕಚೇರಿಗೆ ಒಯ್ದು, ಎರಡರ ನಂಬರೂ ಒಂದೇ ಎಂದು ತೋರಿಸಿ ಮೊಹರು ಹಾಕಿಸಬೇಕು. ಈ ಸಲ ಗುಮಾಸ್ತ ದ್ವಾರಕಾನಾಥಯ್ಯ ಕಾಗದ ಬಿಚ್ಚಿ ಬೆಳಕಿಗೆ ಹಿಡಿದರು. ನಂಬರಿನ ಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕಾಸಿನಗಲ ಕುಂಕುಮ.

"ಏನಪ್ಪಾ ಇದು?"

"ಆಯುಧಪೂಜೆ ಬುದ್ಧಿ. ಕಾಗದ ಇಲ್ದಿದ್ರೆ ಬಂದೂಕ ಹೊಸ್ಲು ದಾಟಂಗಿಲ್ಲ. ಅದಕ್ಕೆ ನಮ್ಮನೆಯವಳು ಕಾಗದಕ್ಕೇ ಮೊದ್ಲು ಪೂಜೆ ಮಾಡಿದ್ಳು."

ಬಂದೂಕದ ನಳಿಗೆಯ ನಂಬರೂ ಕಾಣಲಿಲ್ಲ. ಇಪ್ಪತ್ತು ವರ್ಷದ ವಿಭೂತಿ ಹರಳೆಣ್ಣೆಯ ಜೊತೆ ಗಾರೆಯಂತೆ ಕೂತಿತ್ತು. ಇಷ್ಟು ವರ್ಷ ಕಾಗದದ ನಂಬರು ನೋಡಿಯೇ ಮೊಹರು ಬಿದ್ದಿತ್ತು. ಗುಮಾಸ್ತರು ಕಾಗದ ಕೆರೆಯಲು ಉಗುರೆತ್ತಿ, ಹಾಗೇ ಕೈ ಹಿಂದಕ್ಕೆಳೆದರು.

"ಪೂಜೆ ಆಗಿರೋದು. ನೀನೇ ಒರೆಸು."

"ನಾನ್ ಒರೆಸಲ್ಲ ಬುದ್ಧಿ. ಮನೇಲಿ ಅವಳಿಗೆ ಏನಂತ ಹೇಳ್ಲಿ?"

ಕಾಗದ ಮೇಲಧಿಕಾರಿ ಅಮಲ್ದಾರರ ಮೇಜಿಗೆ ಹೋಯಿತು. ಅವರು ಅದನ್ನು ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟರು. ನಂಬರು ಕಾಣುವವರೆಗೂ ಬಂದೂಕ ಕಚೇರಿಯಲ್ಲೇ ಇರಲಿ ಎಂದರು. ಮೂಲ ದಾಖಲೆ ಚಿಕ್ಕಮಗಳೂರಿನಲ್ಲಿತ್ತು. ಅಲ್ಲಿಗೊಂದು ಪತ್ರ ಹೋಯಿತು. ಉತ್ತರ ಬರಲಿಲ್ಲ, ಹಂದಿ ಬಂತು. ಕರಿಸಿದ್ದಪ್ಪ ಡಬ್ಬ ಬಡಿದ, ಬೆಂಕಿ ಹಾಕಿದ. ಎರಡು ವಾರದಲ್ಲಿ ಹನ್ನೊಂದು ಸಸಿ ಹೋದವು.

"ಯಾರೂ ಒರೆಸಲ್ವಂತಾ?" ಎಂದಳು ಹೆಂಡತಿ ಈರಕ್ಕ. "ಗಾಡಿ ಕಟ್ರೀ. ದೇವ್ರನ್ನ ಕೂರ್ಸಿದೋಳು ನಾನು, ಎಬ್ಬಿಸ್ತೀನಿ."

ಕಚೇರಿಯ ಮೆಟ್ಟಿಲ ಮೇಲೆ ಕಾಯಿ ಒಡೆದು, ಗುಮಾಸ್ತರ ಮೇಜಿನ ಮೇಲೆ ಕರ್ಪೂರ ಹಚ್ಚಿದಳು. ದ್ವಾರಕಾನಾಥಯ್ಯ ಕಡತಗಳನ್ನು ಎದೆಗವಚಿಕೊಂಡು ಎದ್ದು ನಿಂತರು.

"ಇಷ್ಟ್ ದಿನ ಕೂತಿದ್ದೆ ಮಾದೇವ. ಈಗ ಏಳಪ್ಪ, ಇವರಿಗೆ ನಂಬರ್ ಬೇಕಂತೆ," ಎಂದು ಸೆರಗು ನೆನೆಸಿ ಕಾಗದ ಒರೆಸಿದಳು.

ವಿಭೂತಿ ಹೋಯಿತು. ಕುಂಕುಮ ಹೋಯಿತು. ನಂಬರೂ ಹೋಯಿತು.

ಈರಕ್ಕ ಹುಣಸೆಹಣ್ಣು ತೆಗೆದು ನಳಿಗೆ ಉಜ್ಜತೊಡಗಿದಳು. ಒಂದು ಗಳಿಗೆಯಲ್ಲಿ ಅಲ್ಲಿನ ನಂಬರು ಹೊಸದಾಗಿ ಕೆತ್ತಿದಂತೆ ಹೊಳೆಯಿತು.

"ಇದೊಂದೇ ಉಳೀತಲ್ಲಮ್ಮ. ಯಾವುದರ ಜೊತೆ ತಾಳೆ ನೋಡ್ಲಿ?"

"ಇದನ್ನ ನೋಡಿ ಕಾಗದದಲ್ಲಿ ಬರೀರಿ ಸ್ವಾಮಿ. ಆಮೇಲೆ ತಾಳೆ ನೋಡಿ."

ಗುಮಾಸ್ತರು ಅಮಲ್ದಾರರ ಮುಖ ನೋಡಿದರು. ಬಾಯಲ್ಲಿ ಪ್ರಸಾದದ ಕಾಯಿಚೂರು ಇದ್ದ ಅಮಲ್ದಾರರಿಗೆ ಹಾಗೆ ಮಾಡಬಾರದೆಂಬ ಕಾಯಿದೆ ಯಾವುದೂ ನೆನಪಾಗಲಿಲ್ಲ. ಬರಿ ಎಂದು ಸನ್ನೆ ಮಾಡಿದರು. ದ್ವಾರಕಾನಾಥಯ್ಯ ದುಂಡಗೆ ಬರೆದರು. ಕನ್ನಡಕ ಒರೆಸಿಕೊಂಡು, ತಾವು ಬರೆದದ್ದನ್ನು ನಳಿಗೆಯೊಡನೆ ಒಂದೊಂದೇ ಅಂಕಿ ಹಿಡಿದು ಎರಡು ಸಲ ಹೋಲಿಸಿದರು.

"ಸರಿಯಾಗಿದೆ," ಎಂದು ಮೊಹರು ಒತ್ತಿದರು.

ಗಾಡಿ ಹೊಲ ಸೇರುವಾಗ ದೀಪ ಹಚ್ಚುವ ಹೊತ್ತು. ಒಂದು ದೊಡ್ಡ ಹಂದಿ ಆಗಲೇ ಮೂಲೆಯ ಸಸಿಗೆ ಮೂತಿ ಇಟ್ಟಿತ್ತು. ಕರಿಸಿದ್ದಪ್ಪ ಗಾಡಿಯಿಂದಿಳಿದು ಮದ್ದು ತುಂಬಿ, ಗುರಿ ಹಿಡಿದು ಹೊಡೆದ. ಹಂದಿ ಕಾವಲಿಗೆ ನುಗ್ಗಿ ಮಾಯವಾಯಿತು. ಹೊಗೆ ಸರಿದಾಗ ಪಕ್ಕದ ಸಸಿ ನಡು ಮುರಿದು ಬಿದ್ದಿತ್ತು.

ಈರಕ್ಕ ಹೋಗಿ ನೋಡಿ ಬಂದಳು.

"ಇಪ್ಪತ್ತೆಂಟು ಉಳಿದವೆ," ಎಂದಳು. "ನಾಳೆಯಿಂದ ಆಕಾಶಕ್ಕೆ ಹೊಡೀರಿ. ಸದ್ದಿಗೇ ಓಡ್ತವೆ."