ಕತ್ತೆರಾಯ ಹೇಳಿದ ತಪ್ಪುಗಳು

ಮೇಜಿನ ಕೆಳಗೆ ಕೂರುವುದಕ್ಕೂ ಒಂದು ವಯಸ್ಸಿರುತ್ತದೆ. ಆ ವಯಸ್ಸು ದಾಟಿ ಎಷ್ಟೋ ಕಾಲವಾದ ಮೇಲೆ ನಾನು ಮತ್ತೆ ಟಿವಿ ಸ್ಟುಡಿಯೋದ ಮೇಜಿನ ಕೆಳಗೆ ಮಂಡಿಯೂರಿ ಕೂತಿದ್ದೆ. ಬಲಗೈಗೆ ಕತ್ತೆರಾಯನ ಬೊಂಬೆ ತೊಟ್ಟಿದ್ದೆ. ಮೇಲೆ ನಡೆಯುವುದು ಕಾಣಲೆಂದು ಎದುರಿಗೆ ನೆಲದ ಮೇಲೆ ಒಂದು ಪುಟ್ಟ ಟಿವಿ ಇಟ್ಟಿದ್ದರು. ಹಳೆಯ ಕ್ಯಾಮೆರಾಮನ್ ತನ್ನ ಶಾಲನ್ನು ಮಡಿಸಿ ನನ್ನ ಮಂಡಿಯ ಕೆಳಗೆ ತುರುಕಿ ಹೋಗಿದ್ದ.

ಮೇಜಿನ ಹಿಂದಿನ ಕುರ್ಚಿಯಲ್ಲಿ ಅಕ್ಕ. ಒಂದು ಕಾಲದಲ್ಲಿ ಮಕ್ಕಳು ಸಂಜೆಯಾದರೆ ಆಟ ಬಿಟ್ಟು ಓಡಿಬರುತ್ತಿದ್ದದ್ದು ಅವಳ ಕಥೆ ಕೇಳಲು. ಎಲ್ಲರಿಗೂ ಅಕ್ಕ, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವಳಾದ ನನಗೂ ಅಕ್ಕ. ಅವಳು ಕಥೆ ಹೇಳುವಳು, ಕತ್ತೆರಾಯ ನಡುವೆ ಬಾಯಿ ಹಾಕಿ ತಪ್ಪು ಹೇಳುವನು, ಅವಳು ತಿದ್ದುವಳು. ನಮ್ಮ ಕಾರ್ಯಕ್ರಮವೆಂದರೆ ಇಷ್ಟೇ. ಮನೆಮನೆಯಲ್ಲೂ ಮಕ್ಕಳು ಟಿವಿಯತ್ತ ಕೂಗಿ ಕತ್ತೆಯನ್ನು ತಿದ್ದುತ್ತಿದ್ದರಂತೆ.

ಈಗ ಆ ಸ್ಟುಡಿಯೋ ಮುಚ್ಚುವುದಿತ್ತು. ಅದಕ್ಕೆ ಮೊದಲು ಒಂದು ಕಂತು ನೇರಪ್ರಸಾರ ಮಾಡೋಣವೆಂದು ಕರೆದರು. ಅಕ್ಕ ಹಿಂದುಮುಂದು ನೋಡದೆ ಒಪ್ಪಿಬಿಟ್ಟಳು.

ಅಕ್ಕನಿಗೆ ಮರೆವು ಶುರುವಾಗಿತ್ತು. ಅದು ಗೊತ್ತಿದ್ದದ್ದು ಅವಳ ಮಗಳಿಗೆ, ನನಗೆ, ಮತ್ತೆ ಆ ದಿನದ ಕಾರ್ಯಕ್ರಮದ ನಿರೂಪಕಿಗೆ. ಪಾಪ, ಆ ಹುಡುಗಿ "ನೆನಪಿದೆಯಾ" ಎಂಬ ಮಾತನ್ನೇ ಎತ್ತುವುದಿಲ್ಲವೆಂದು ಭಾಷೆ ಕೊಟ್ಟಿದ್ದಳು, ಕೊನೆಯವರೆಗೂ ಎತ್ತಲಿಲ್ಲ. ಮಗಳಿಗೆ ಮಾತ್ರ ಸಮಾಧಾನವಿರಲಿಲ್ಲ. ಮೇಕಪ್ ಕೋಣೆಯ ಹೊರಗೆ ನನ್ನ ಕೈ ಹಿಡಿದು ನಿಲ್ಲಿಸಿದಳು.

"ದೊಡ್ಡಮ್ಮ, ಅಮ್ಮ ಅಷ್ಟು ಜನರ ಮುಂದೆ ನಗೆಪಾಟಲಾಗಬಾರದು. ಹಾಗೇನಾದ್ರೂ ಆದ್ರೆ ನಾನು ಬಂದು ಕರ್ಕೊಂಡು ಹೋಗ್ತೀನಿ. ಕ್ಯಾಮೆರಾ ಗೀಮೆರಾ ನೋಡಲ್ಲ."

ಆಗಲಿ ಎಂದೆ. ಆದರೆ ಅಕ್ಕ ಹಿಂದಿನ ದಿನ ನನಗೆ ಹೇಳಿದ್ದು ಬೇರೆ. ಮನೆಯಲ್ಲಿ ಎಲ್ಲರೂ ತನ್ನನ್ನು ಪರೀಕ್ಷೆ ಮಾಡುತ್ತಾರೆ, ಆ ಕುರ್ಚಿಯಲ್ಲಿ ಕೂತರೆ ತಾನು ಯಾರೆಂದು ತನಗೆ ಗೊತ್ತಿರುತ್ತದೆ ಎಂದಿದ್ದಳು.

ಕೆಂಪು ದೀಪ ಹತ್ತಿತು. ಎದುರಿಗೆ ಕೂತವರೆಲ್ಲ ಹಿಂದೆ ಇದೇ ಸ್ಟುಡಿಯೋದಲ್ಲಿ ಮಕ್ಕಳಾಗಿ ಕೂತವರು. ಈಗ ಬೋಳುತಲೆ, ಕನ್ನಡಕ, ಹೊಟ್ಟೆ. ಅಕ್ಕ ಗಂಟೆ ನುಂಗಿದ ಬೆಕ್ಕಿನ ಕಥೆ ಶುರು ಮಾಡಿದಳು. ದನಿ ಹಾಗೇ ಇತ್ತು. ಬೆಕ್ಕು ಗಂಟೆ ನುಂಗಿತು. ನಡೆದರೆ ಹೊಟ್ಟೆಯೊಳಗೆ ಠಣ್ ಠಣ್. ಆಮೇಲೆ...

ಆಮೇಲೆ ಏನೂ ಬರಲಿಲ್ಲ. ಪುಟ್ಟ ಟಿವಿಯಲ್ಲಿ ಅವಳ ಕಣ್ಣು ಏನನ್ನೋ ಹುಡುಕುತ್ತಿತ್ತು. ಕತ್ತೆರಾಯನ ತಲೆ ಮೇಲೆತ್ತಿದೆ.

"ನಂಗೊತ್ತು, ನಂಗೊತ್ತು! ಬೆಕ್ಕು ದರ್ಜಿ ಹತ್ರ ಹೋಗಿ ಹೊಟ್ಟೆಗೆ ಗುಂಡಿ ಹಾಕಿಸ್ಕೊಳ್ತು."

"ದರ್ಜಿ ಅಲ್ವೋ, ಡಾಕ್ಟರ ಹತ್ರ," ಎಂದಳು ಅಕ್ಕ ಥಟ್ಟನೆ. "ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ದಾರಿ ಸಿಕ್ಕಿತು. ಕೇಳಿದರೆ ಅವಳಿಗೆ ನೆನಪು ಬಾರದು. ತಪ್ಪು ಹೇಳಿದರೆ ತಿದ್ದಲು ತಾನಾಗಿ ಬರುತ್ತದೆ. ಅವಳು ತಡವರಿಸಿದಲ್ಲೆಲ್ಲ ಕತ್ತೆರಾಯ ಒಂದು ಹಸೀ ತಪ್ಪು ಹೇಳಿದ, ಅವಳು ತಿದ್ದಿ ಮುಂದೆ ನಡೆದಳು. ಡಾಕ್ಟರು ಕೈಚೆಲ್ಲಿದರು. ಗಂಟೆಯ ಸದ್ದಿಗೆ ಇಲಿಗಳೆಲ್ಲ ಬಿಲ ಸೇರಿದವು. ಬೆಕ್ಕು ಹಸಿದು ಬಿಲದ ಬಾಯಲ್ಲಿ ಕೂತು ಅತ್ತಿತು.

ಆದರೆ ನನ್ನ ತೋಳು ಹಳೆಯ ತೋಳಲ್ಲ. ಹೆಗಲಿನಿಂದ ಬೆಂಕಿ ಇಳಿದಂತೆ ಉರಿ. ಎಡಗೈಯನ್ನು ಮೊಣಕೈಗೆ ಆನಿಸಿ ಹಿಡಿದೆ. ಹಲ್ಲು ಕಚ್ಚಿದೆ. ಕತ್ತೆರಾಯ ನಡುಗಿದ, ವಾಲಿದ, ಕೊನೆಗೆ ಮೇಜಿನ ಅಂಚು ದಾಟಿ ನನ್ನ ಮಡಿಲಿಗೆ ಬಿದ್ದ.

"ಇಲಿಗಳು..." ಎಂದಳು ಅಕ್ಕ. ನಿಂತಳು. ಮತ್ತೆ, "ಇಲಿಗಳು..."

ಬೊಂಬೆಯಿಲ್ಲದೆ ದನಿ ಹೊರಡಿಸಿದರೆ ಅಕ್ಕನ ಮರೆವಿನ ಗುಟ್ಟು ರಟ್ಟಾಗುತ್ತದೆ. ತೋಳು ಏಳಲೊಲ್ಲದು. ಅಕ್ಕ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ಮಗಳು ವೇದಿಕೆಯ ಮೆಟ್ಟಿಲು ಹತ್ತುತ್ತಿರುವುದು ಟಿವಿಯ ಅಂಚಿನಲ್ಲಿ ಕಂಡಿತು. ಕ್ಯಾಮೆರಾಮನ್ ಚಕ್ಕನೆ ಕ್ಯಾಮೆರಾವನ್ನು ಜನರತ್ತ ತಿರುಗಿಸಿದ.

ಮುಂದಿನ ಸಾಲಿನ ಬೋಳುತಲೆಯವನೊಬ್ಬ ಎದ್ದು ನಿಂತ.

"ಅಕ್ಕ, ಇಲಿಗಳು ಬೆಕ್ಕನ್ನ ಒದ್ದು ಓಡಿಸಿದ್ವು, ಅಲ್ವಾ?"

ಅವನ ಮುಖದಲ್ಲಿ ನಗುವಿರಲಿಲ್ಲ. ಅವನಿಗೆ ಎಲ್ಲ ಅರ್ಥವಾಗಿಬಿಟ್ಟಿತ್ತು.

"ಒದೆಯೋದಾ?" ಕ್ಯಾಮೆರಾ ಮರಳಿ ತಿರುಗುವಷ್ಟರಲ್ಲಿ ಅಕ್ಕ ತಲೆಯೆತ್ತಿದ್ದಳು. "ಅವು ಅಯ್ಯೋ ಪಾಪ ಅಂದ್ವು."

"ತಿನ್ನೋಕೆ ಕಲ್ಲು ಕೊಟ್ವು," ಎಂದಳು ಹಿಂದಿನಿಂದ ಒಬ್ಬ ಹೆಂಗಸು.

"ಬ್ರೆಡ್ಡಿನ ಚೂರು. ನಿಂಗೂ ಕತ್ತೆ ಗಾಳಿ ಬೀಸಿದೆ."

ಒಬ್ಬರಾದ ಮೇಲೆ ಒಬ್ಬರು ಏಳತೊಡಗಿದರು. ದೊಡ್ಡ ದೊಡ್ಡ ಕೆಲಸದಲ್ಲಿರುವ ಜನ, ನಾಚಿಕೆ ಬಿಟ್ಟು ಶುದ್ಧ ಅಸಂಬದ್ಧ ಹೇಳಿದರು. ಅಕ್ಕ ಒಬ್ಬೊಬ್ಬರನ್ನೂ ಬೈದು ತಿದ್ದಿದಳು. ಮಗಳು ಹತ್ತಿದ ಮೆಟ್ಟಿಲಲ್ಲೇ, ದೀಪದ ಬೆಳಕಿನಲ್ಲಿ ನಿಂತುಬಿಟ್ಟಿದ್ದಳು.

ಕಥೆಯ ಕೊನೆ ಉಳಿದಿತ್ತು. ಅಲ್ಲಿ ಅಕ್ಕ ಮತ್ತೆ ನಿಂತಳು, ಮಗಳತ್ತ ನೋಡಿದಳು. ಮಗಳನ್ನು ಗುರುತಿಸುತ್ತಾಳೋ ಇಲ್ಲವೋ ಎಂದು ನಾನು ಟಿವಿಯ ಹತ್ತಿರಕ್ಕೆ ಬಾಗಿದೆ. ಆಮೇಲೆ ಮಗಳ ದನಿ ಬಂತು.

"ಕೊನೆಗೆ ಬೆಕ್ಕು ಆ ಇಲಿಗಳನ್ನೆಲ್ಲ ತಿಂದುಬಿಡ್ತು. ಅಲ್ವಾ ಅಮ್ಮ?"

"ಛೇ, ಉಂಡ ಮನೆಗೆ ಎರಡು ಬಗೆಯುತ್ತಾ? ಮರಿ ಇಲಿಗಳಿಗೆ ನಿದ್ದೆ ಬರೋವರೆಗೂ ಹೊಟ್ಟೆ ಅಲ್ಲಾಡಿಸ್ತಾ ಗಂಟೆ ಬಾರಿಸ್ತಿತ್ತು." ಅಕ್ಕ ಹುಬ್ಬು ಗಂಟಿಕ್ಕಿದಳು. "ನಿನ್ನ ತೊಟ್ಟಿಲ ಹತ್ರ ಕೂತು ಎಷ್ಟು ಸಲ ಹೇಳಿದ್ದೀನೇ ಇದನ್ನ! ಮರೆತುಬಿಟ್ಯಾ?"

"ಹೂಂ ಅಮ್ಮ," ಎಂದಳು ಮಗಳು. "ಮರೆತುಬಿಟ್ಟೆ."

"ಹಾಗಾದ್ರೆ ಬಾ, ಇಲ್ಲಿ ಕೂತ್ಕೋ. ಮೊದಲಿಂದ ಹೇಳ್ತೀನಿ."

ಕ್ಯಾಮೆರಾದ ಕೆಂಪು ದೀಪ ಆರಿತು. ಜನ ಯಾರೂ ಹೊರಡಲಿಲ್ಲ. ಕ್ಯಾಮೆರಾಮನ್ ಬಗ್ಗಿ, ಕೈಕೊಟ್ಟು ನನ್ನನ್ನು ಮೇಜಿನ ಕೆಳಗಿನಿಂದ ಎಬ್ಬಿಸಿದ. ನಾನೂ ಹೋಗಿ ಕಥೆ ಕೇಳಲು ಜನರ ನಡುವೆ ಕೂತೆ.